ಹಡಗು, ಕತ್ತಿ, ನಿಧಿ ಇಷ್ಟೇ ಸಾಲದು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಸರಣಿಯ ಮೊದಲ ಚಿತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. 2003ರಲ್ಲಿ ಬಂದ ಈ ಚಿತ್ರವನ್ನು ಮನೆಮಂದಿಯೆಲ್ಲ ಇವತ್ತಿಗೂ ಒಟ್ಟಿಗೆ ಕೂತು ಯಾಕೆ ನೋಡುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಇದನ್ನು ನೀವು ಇನ್ನೊಮ್ಮೆ ಬರೆಯಬೇಕು ಅನ್ನುವ ಆಸೆ ನನಗಿದೆ.

ಮೊದಲ ಎರಡು ಪುಟಗಳಲ್ಲಿ ಚಿತ್ರ ಎಷ್ಟು ಕೋಟಿ ಗಳಿಸಿತು, ಎಷ್ಟು ಆಸ್ಕರ್‌ಗೆ ನಾಮನಿರ್ದೇಶನವಾಯಿತು, ಮುಂದೆ ಎಷ್ಟು ಭಾಗಗಳು ಬಂದವು ಅಂತ ಬರೆದಿದ್ದೀರಿ. ಅದೆಲ್ಲ ನಿಜವೇ. ಆದರೆ ಒಂದು ಮಗು ಅದೇ ಚಿತ್ರವನ್ನು ಮತ್ತೆ ಹಾಕು ಅಂತ ಹಟ ಹಿಡಿಯುವುದಕ್ಕೂ ಗಳಿಕೆಯ ಲೆಕ್ಕಕ್ಕೂ ಸಂಬಂಧವಿಲ್ಲ. ಆ ಎರಡು ಪುಟ ತೆಗೆದುಬಿಡಿ.

ಆಮೇಲೆ ನೀವು ಕೊಡುವ ಕಾರಣಗಳು: ವಿಶಾಲ ಕಡಲು, ಹಾಯಿಹಡಗು, ಕತ್ತಿವರಸೆ, ನಿಧಿ, ಭರ್ಜರಿ ಸಂಗೀತ. ಇಲ್ಲಿ ಸ್ವಲ್ಪ ನಿಲ್ಲಿ. 1995ರಲ್ಲಿ 'ಕಟ್‌ಥ್ರೋಟ್ ಐಲೆಂಡ್' ಅಂತ ಒಂದು ಕಡಲ್ಗಳ್ಳರ ಚಿತ್ರ ಬಂದಿತ್ತು. ಅದರಲ್ಲೂ ಹಡಗು, ಕತ್ತಿ, ನಿಧಿಯ ನಕ್ಷೆ, ಫಿರಂಗಿ ಎಲ್ಲ ಇದ್ದವು. ಹಣವನ್ನೂ ನೀರಿನ ಹಾಗೆ ಸುರಿದಿದ್ದರು. ಆದರೂ ಅದು ಹಾಲಿವುಡ್‌ನ ದೊಡ್ಡ ಸೋಲುಗಳಲ್ಲಿ ಒಂದಾಯಿತು. ನಿಮ್ಮ ಪಟ್ಟಿ ಎರಡೂ ಚಿತ್ರಗಳಿಗೆ ಹೊಂದುತ್ತದೆ ಅಂದರೆ, ಒಂದು ಮಾತ್ರ ಉಳಿದದ್ದು ಯಾಕೆ ಅನ್ನುವುದನ್ನು ಅದು ಹೇಳುತ್ತಿಲ್ಲ ಅಂತ ಅರ್ಥ. ಉತ್ತರ ಆ ಪಟ್ಟಿಯಲ್ಲಿಲ್ಲ, ದೃಶ್ಯಗಳಲ್ಲಿದೆ.

ಉತ್ತರದ ತುದಿ ನಿಮ್ಮ ಕೈಗೆ ಸಿಕ್ಕಿತ್ತು ಕೂಡ. ಐದನೇ ಪುಟದಲ್ಲಿ, ಒಂದೇ ಸಾಲಿನಲ್ಲಿ, ನಿಮ್ಮ ಮಗಳು ಕೇಳಿದ ಪ್ರಶ್ನೆ ಇದೆ: 'ಆ ಕೆಟ್ಟವನ ಹತ್ರ ಸೇಬು ಇದೆಯಲ್ಲ, ಯಾಕೆ ತಿನ್ನಲ್ಲ?' ಅದನ್ನು ಬರೆದು ನೀವು ಸುಮ್ನೆ ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ತುಂಬ ಬೇಜಾರಾಯಿತು. ಇಡೀ ಲೇಖನ ಆ ಪ್ರಶ್ನೆಯ ಮೇಲೆ ನಿಲ್ಲಬಹುದು.

ಆ ಕೆಟ್ಟವನು ಕಡಲ್ಗಳ್ಳರ ನಾಯಕ ಬಾರ್ಬೋಸಾ. ಅವನ ಶಾಪ ಏನು ಅಂತ ನೆನಪು ಮಾಡಿಕೊಳ್ಳಿ. ಅವನೂ ಅವನ ಜೊತೆಯವರೂ ಮೆಕ್ಸಿಕೋದ ಹಳೆಯ ಅಜ್ಟೆಕ್ ಜನರ ಶಾಪಗ್ರಸ್ತ ಚಿನ್ನದ 882 ನಾಣ್ಯಗಳನ್ನು ದೋಚಿದರು, ಬೇಕಾದಷ್ಟು ಖರ್ಚು ಮಾಡಿದರು. ಆಮೇಲೆ ಎಷ್ಟು ಕುಡಿದರೂ ದಾಹ ತೀರಲಿಲ್ಲ. ಬಾಯಿಗೆ ಇಟ್ಟ ಊಟ ಬೂದಿಯಾಯಿತು. ಸಾಯುವುದಕ್ಕೂ ಆಗುವುದಿಲ್ಲ. ಬೆಳದಿಂಗಳು ಬಿದ್ದರೆ ಅಸ್ಥಿಪಂಜರಗಳಾಗಿ ಕಾಣುತ್ತಾರೆ. ಶಾಪ ಬಿಟ್ಟ ಮೇಲೆ ಮೊದಲು ಏನು ಮಾಡುತ್ತೇನೆ ಅಂತ ಬಾರ್ಬೋಸಾ ತಾನು ಸೆರೆಹಿಡಿದ ಗವರ್ನರನ ಮಗಳು ಎಲಿಜಬೆತ್‌ಗೆ ಹೇಳುತ್ತಾನಲ್ಲ, ರಾಜ್ಯ ಬೇಕು ಅನ್ನುವುದಿಲ್ಲ, ಹೊಟ್ಟೆ ತುಂಬ ಸೇಬು ತಿನ್ನಬೇಕು ಅನ್ನುತ್ತಾನೆ. ಅವನ ಎದುರೇ ಇನ್ನೊಬ್ಬ ಕಡಲ್ಗಳ್ಳ, ಜ್ಯಾಕ್ ಸ್ಪ್ಯಾರೋ, ಸೇಬು ಕಚ್ಚಿ ತಿನ್ನುತ್ತಾನೆ, ನಿನಗೂ ಬೇಕಾ ಅಂತ ಚಾಚುತ್ತಾನೆ. ಆ ಹೊತ್ತಿನಲ್ಲಿ ಬಾರ್ಬೋಸಾನ ಪಾತ್ರ ಮಾಡಿದ ಜೆಫ್ರಿ ರಶ್ ಅವರ ಮುಖ ನೋಡಿ. ಕೊನೆಗೆ ಶಾಪ ಕಳೆದ ಗಳಿಗೆಯಲ್ಲೇ ಗುಂಡು ತಾಗಿ ಬಾರ್ಬೋಸಾ ಬೀಳುತ್ತಾನೆ, ಒಂದು ಹಸಿರು ಸೇಬು ಅವನ ಕೈಯಿಂದ ಉರುಳಿ ಹೋಗುತ್ತದೆ. ಅಷ್ಟು ಹೊತ್ತು ಅವನಿಗೆ ಹೆದರಿದ್ದ ಮಗುವಿಗೆ ಈಗ ಪಾಪ ಅನ್ನಿಸುತ್ತದೆ.

ನನ್ನ ಪ್ರಕಾರ ಈ ಚಿತ್ರ ಉಳಿದಿರುವುದು ಇಲ್ಲಿ. ಹಸಿವು ಎಲ್ಲ ವಯಸ್ಸಿನವರಿಗೂ ಗೊತ್ತು. ಏಳು ವರ್ಷದವಳಿಗೆ ಅದು ಭಯದ ಕಥೆ, ಅವಳ ಅಪ್ಪನಿಗೆ ಆಸೆಯ ಕಥೆ, ಅಜ್ಜಿಗೆ ಬಹುಶಃ ಬಾಯಿರುಚಿ ಕೆಟ್ಟವರ ಕಥೆ. ಒಂದೇ ಸೋಫಾದಲ್ಲಿ ಕೂತು ಮೂವರೂ ಅವರವರ ಚಿತ್ರ ನೋಡುತ್ತಿರುತ್ತಾರೆ. ಇದಕ್ಕಾಗಿ ನಿರ್ದೇಶಕ ಗೋರ್ ವೆರ್ಬಿನ್‌ಸ್ಕಿ ಯಾರ ಮಟ್ಟಕ್ಕೂ ಇಳಿದಿಲ್ಲ. ಡಿಸ್ನಿ ಸಂಸ್ಥೆ ತನ್ನ ಹೆಸರಿನಲ್ಲಿ ತಂದ ಚಿತ್ರಗಳಲ್ಲಿ ಪಿಜಿ-13 ಪ್ರಮಾಣಪತ್ರ, ಅಂದರೆ ಕೆಲವು ದೃಶ್ಯಗಳು ಹದಿಮೂರು ತುಂಬದ ಮಕ್ಕಳಿಗೆ ಸರಿಹೋಗದಿರಬಹುದು ಅನ್ನುವ ಅಮೆರಿಕದ ಎಚ್ಚರಿಕೆ, ಪಡೆದದ್ದು ಇದೇ ಮೊದಲು. ನೀವು 'ಮಕ್ಕಳಿಗೆ ಹಿತವಾದ ಮುಗ್ಧ ಚಿತ್ರ' ಅಂತ ಬರೆದಿದ್ದೀರಿ. ಮುಗ್ಧ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಕ್ಕಳು ಹೆದರಬಲ್ಲರು, ಹೆದರಿಕೆಯಿಂದ ಆಚೆಗೂ ಬರಬಲ್ಲರು ಅಂತ ಈ ಚಿತ್ರ ನಂಬುತ್ತದೆ. ಅದನ್ನೇ ಬರೆಯಿರಿ.

ಇನ್ನು ಜ್ಯಾಕ್ ಸ್ಪ್ಯಾರೋ. 'ಜಾನಿ ಡೆಪ್ ಅವರ ಅದ್ಭುತ ಅಭಿನಯ' ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅದ್ಭುತ ಅಂದರೆ ಏನು? ಅವನು ಬಂದಿಳಿಯುವ ದೃಶ್ಯ ವಿವರಿಸಿ ಸಾಕು. ಹಾಯಿಕಂಬದ ತುದಿಯಲ್ಲಿ ರಾಜನ ಹಾಗೆ ನಿಂತಿರುತ್ತಾನೆ. ದೊಡ್ಡ ಹಡಗು ಅಂದುಕೊಳ್ಳುತ್ತೇವೆ. ನೋಡಿದರೆ ನೀರು ತುಂಬುತ್ತಿರುವ ಪುಟ್ಟ ದೋಣಿ, ಇಳಿದು ಬಂದು ನೀರು ಎತ್ತಿ ಹಾಕುತ್ತಾನೆ. ದೋಣಿ ಪೂರ್ತಿ ಮುಳುಗುವ ಹೊತ್ತಿಗೆ ಸರಿಯಾಗಿ ಧಕ್ಕೆಯ ಮೇಲೆ ಕಾಲಿಡುತ್ತಾನೆ. ಹಡಗಿಲ್ಲ, ಕಾಸಿಲ್ಲ, ಉತ್ತರ ತೋರಿಸದ ದಿಕ್ಸೂಚಿ, ಒಂದೇ ಗುಂಡಿರುವ ಪಿಸ್ತೂಲು. ಆದರೂ ಅವನ ಗತ್ತು ಒಂದಿಷ್ಟೂ ಕಮ್ಮಿಯಾಗುವುದಿಲ್ಲ. ಮಕ್ಕಳಿಗೂ ಸ್ವಂತದ್ದು ಅಂತ ಏನೂ ಇರುವುದಿಲ್ಲ, ಅಲ್ವಾ? ಅವರು ಅವನನ್ನು ಬಿಡದೆ ಹಿಡಿದುಕೊಳ್ಳುವುದು ಅದಕ್ಕೇ ಅಂತ ನನಗನ್ನಿಸುತ್ತದೆ.

ಆ ಒಂದು ಗುಂಡಿನ ಬಗ್ಗೆಯೂ ಬರೆಯಿರಿ. ಕುಲುಮೆಯಲ್ಲಿ ಕಮ್ಮಾರ ಹುಡುಗ ವಿಲ್ ಟರ್ನರ್ ಜೊತೆ ಕತ್ತಿ ಕಾದಾಟ ನಡೆಯುವಾಗ ಜ್ಯಾಕ್ ಪಿಸ್ತೂಲು ತೆಗೆಯುತ್ತಾನೆ, ಆದರೆ ಹಾರಿಸುವುದಿಲ್ಲ. ಅದು ನಿನಗಲ್ಲ ಅನ್ನುತ್ತಾನೆ. ಯಾರಿಗೆ ಅಂತ ಗೊತ್ತಾಗುವುದು ಕೊನೆಯಲ್ಲಿ. ಇಂಥ ಹೆಣಿಗೆ ಇರುವುದರಿಂದಲೇ ಕಥೆ ಗೊತ್ತಿದ್ದರೂ ಮತ್ತೆ ನೋಡಬೇಕು ಅನ್ನಿಸುತ್ತದೆ.

ಒಂದು ತಪ್ಪು ತಿದ್ದಿಕೊಳ್ಳಿ. ಈ ಚಿತ್ರಕ್ಕೆ ಕಾದಂಬರಿ ಆಧಾರವಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1967ರಲ್ಲಿ ಶುರುವಾದ ದೋಣಿ ಸವಾರಿಯೊಂದು ಇದಕ್ಕೆ ಮೂಲ. ಬಾಯಲ್ಲಿ ಬೀಗದ ಕೈ ಹಿಡಿದ ನಾಯಿಯನ್ನು ಜೈಲಿನೊಳಗಿನ ಕಳ್ಳರು ಪುಸಲಾಯಿಸುವ ದೃಶ್ಯ ಆ ಸವಾರಿಯಿಂದಲೇ ಬಂದದ್ದು.

ಕೊನೆಯಲ್ಲಿ 'ನಮ್ಮ ಕರಾವಳಿಯಲ್ಲೂ ಕಡಲ್ಗಳ್ಳರಿದ್ದರು' ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೀರಿ. ಹೀಗೆ ತೇಲಿಸಿ ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಲಿ ನಿಜವಾದ ಒಂದು ಕೊಂಡಿ ಇದೆ. 1697ರಲ್ಲಿ ಕ್ಯಾಪ್ಟನ್ ವಿಲಿಯಂ ಕಿಡ್ ತನ್ನ ಹಡಗಿನೊಂದಿಗೆ ಕಾರವಾರಕ್ಕೆ ಬಂದಿದ್ದ. ಅಲ್ಲಿ ಆಗ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಕೋಠಿ ಇತ್ತು. ಕಡಲ್ಗಳ್ಳರನ್ನು ಹಿಡಿಯಲು ಹೊರಟವನೇ ಕಡಲ್ಗಳ್ಳ ಅನ್ನಿಸಿಕೊಂಡ. ಕಾರವಾರದಲ್ಲಿ ಅವನ ಕೆಲವು ಆಳುಗಳು ಹಡಗು ಬಿಟ್ಟು ಹೋದರು. 1701ರಲ್ಲಿ ಲಂಡನ್‌ನಲ್ಲಿ ಅವನನ್ನು ಗಲ್ಲಿಗೇರಿಸಿ, ಹೋಗಿಬರುವ ಹಡಗಿನವರಿಗೆಲ್ಲ ಕಾಣುವ ಹಾಗೆ ಥೇಮ್ಸ್ ನದಿಯ ದಂಡೆಯಲ್ಲಿ ಹೆಣವನ್ನು ತೂಗುಹಾಕಿದರು. ಜ್ಯಾಕ್ ಬಂದರಿಗೆ ಬರುವಾಗ ನೇತಾಡುವ ಮೂರು ಅಸ್ಥಿಪಂಜರಗಳು ಸಿಗುತ್ತವೆ, ನೆನಪಿದೆಯಾ? ಅವನು ಟೋಪಿ ತೆಗೆದು ಎದೆಗೆ ಒತ್ತಿಕೊಳ್ಳುತ್ತಾನೆ. ಆ ಪದ್ಧತಿ ಕಟ್ಟುಕಥೆಯಲ್ಲ. ತಮಾಷೆ ಶುರುವಾಗುವ ಮೊದಲೇ ಇದಕ್ಕೆ ಕೊಡಬೇಕಾದ ಬೆಲೆ ಏನು ಅಂತ ಚಿತ್ರ ತೋರಿಸಿಬಿಡುತ್ತದೆ. ಕಿಡ್‌ನ ಕಥೆಯನ್ನು ಈ ದೃಶ್ಯದ ಪಕ್ಕದಲ್ಲಿಡಿ, ಕೊನೆಗೆ ಅಂಟಿಸಬೇಡಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ರೋಮಾಂಚಕ', 'ಮನಮೋಹಕ', 'ಅವಿಸ್ಮರಣೀಯ' ಇವು ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೇನೆ. ಒಂದೊಂದರ ಜಾಗದಲ್ಲೂ ನೀವು ಪರದೆಯ ಮೇಲೆ ಕಂಡದ್ದನ್ನು ಬರೆಯಿರಿ. ಮಗಳ ಜೊತೆ ಇನ್ನೊಮ್ಮೆ ಚಿತ್ರ ನೋಡಿ. ಅವಳು ಎಲ್ಲಿ ಮುಖ ಮುಚ್ಚಿಕೊಂಡಳು, ಎಲ್ಲಿ ನಕ್ಕಳು ಅಂತ ಗುರುತು ಹಾಕಿಕೊಳ್ಳಿ.

ಹೊಸ ಕರಡು ಸಾವಿರ ಪದ ದಾಟದಿರಲಿ. ಬರುವ ತಿಂಗಳ ಕೊನೆಯೊಳಗೆ ಕಳಿಸಿದರೆ ಬೇಸಿಗೆ ರಜೆಯ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಚಿತ್ರದ ಫೋಟೋಗಳನ್ನು ಕಳಿಸಬೇಡಿ, ಅವುಗಳ ಹಕ್ಕು ನಮ್ಮಲ್ಲಿಲ್ಲ. ನಮ್ಮ ಕಲಾವಿದರೇ ಬರೆದುಕೊಡುತ್ತಾರೆ.

ಇತಿ,
ಸಂಪಾದಕ