"ಸೊಕ್ಕು ಬಂದಿದೆ ಅಂತಾರೆ ಮೇಡಂ"

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. 41 ವರ್ಷ, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಸಲ ಫೋನ್ ಬಂತು. ನಾಲ್ಕೂ ಸಲ ಕುರ್ಚಿಯಿಂದ ಎದ್ದು ನಿಂತೇ ಮಾತಾಡಿದರು: "ಸ್ತೋತ್ರ ಅಕ್ಕಾ. ಆಯ್ತಕ್ಕಾ. ಮಾಡ್ತೀನಕ್ಕಾ." ಆ ಕಡೆ ಇದ್ದವರು ಇವರು ಹೋಗುವ ಸಭೆಯ, ಅಂದರೆ ಚರ್ಚಿನ, ಮಹಿಳಾ ಗುಂಪಿನ ಮುಖಂಡರು.

ನಿದ್ದೆ ಇಲ್ಲ, ಮಿಷನ್ ಮುಂದೆ ಕೂತಲ್ಲೇ ಎರಡು ಸಲ ತಲೆಸುತ್ತು. ಶನಿವಾರ ಸಂಜೆ ಸಭೆಯ ಹಾಲ್ ಗುಡಿಸಿ ಒರೆಸುವುದು ಇವರೇ, ಭಾನುವಾರ 60 ಜನಕ್ಕೆ ಟೀ ಇವರದೇ. ಕಟ್ಟಡದ ಕಾಣಿಕೆಗೆಂದು ಎರಡು ಬಳೆ ಗಿರವಿ ಇಟ್ಟಿದ್ದು ಗಂಡನಿಗೆ ಗೊತ್ತಿಲ್ಲ. ಶುಕ್ರವಾರ ಉಪವಾಸ ಪ್ರಾರ್ಥನೆ. ಊಟ ಬಿಟ್ಟು ಶುಗರ್ ಮಾತ್ರೆ ಮಾತ್ರ ನುಂಗುತ್ತಿದ್ದರು!

ಅದನ್ನು ಕೇಳಿದ ಮೇಲೆ ಮಿಕ್ಕ ಮಾತು ನಿಲ್ಲಿಸಿದೆ. ಸಕ್ಕರೆ ಇಳಿಸುವ ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಬೆವರು, ನಡುಕ, ಪ್ರಜ್ಞೆ ತಪ್ಪುವುದೂ ಉಂಟು. ಡಾಕ್ಟರನ್ನು ಕೇಳುವ ತನಕ ಉಪವಾಸ ಬೇಡ, ಮಾತ್ರೆಯನ್ನೂ ನೀವಾಗಿ ಬಿಡಬೇಡಿ ಎಂದೆ. ಒಪ್ಪಿದರು. ಮುಖ ಮಾತ್ರ ಒಪ್ಪಲಿಲ್ಲ.

"ತನ್ನನ್ನು ನಿರಾಕರಿಸಿ ಶಿಲುಬೆ ಹೊತ್ಕೊಂಡು ಬರಬೇಕು ಅಂತ ವಾಕ್ಯಾನೇ ಇದೆಯಲ್ಲ ಮೇಡಂ. ನಾನು ಸಾಕು ಅಂದ್ರೆ ಅವಿಧೇಯತೆ ಆಗಲ್ವಾ?"

ಹೊಸತರಲ್ಲಿ ಇಂಥದ್ದೇ ಪ್ರಶ್ನೆ ಕೇಳಿದ ಒಬ್ಬರಿಗೆ "ಮೊದಲು ನಿಮ್ಮನ್ನು ನೋಡಿಕೊಳ್ಳಿ" ಎಂದುಬಿಟ್ಟಿದ್ದೆ. ಅವರು ಮತ್ತೆ ಬರಲಿಲ್ಲ. ನಂಬಿಕೆಯನ್ನೇ ಕಾಯಿಲೆ ಅಂದಂತೆ ಕೇಳಿಸಿರಬೇಕು. ಆದ್ದರಿಂದ ಈ ಸಲ ಬೈಬಲಿನ ಆ ವಾಕ್ಯವನ್ನೇ ಕೈಗೆತ್ತಿಕೊಂಡೆ.

ಮಾರ್ಕ 8:34ರ 'ನಿರಾಕರಿಸು' ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವೇ ಯೇಸುವಿನ ಶಿಷ್ಯ ಪೇತ್ರನ ನಿರಾಕರಣೆಗೂ ಬರುತ್ತದೆ. ಯೇಸು ಬಂಧನದಲ್ಲಿದ್ದ ರಾತ್ರಿ, ಕೋಳಿ ಕೂಗುವ ಮುಂಚೆ "ಆ ಮನುಷ್ಯನನ್ನು ನಾನರಿಯೆ" ಅಂದನಲ್ಲ, ಅದು. ಹಾಗಾದರೆ ತನ್ನನ್ನು ನಿರಾಕರಿಸುವುದೆಂದರೆ ಒಳಗೆ ದೊರೆಯಂತೆ ಕೂತ 'ನಾನು'ವಿಗೆ "ನಿನ್ನ ಗುರುತಿಲ್ಲ, ನಿನ್ನ ಅಪ್ಪಣೆ ನಡೆಯುವುದಿಲ್ಲ" ಅನ್ನುವುದು. ಮೈಯನ್ನು ಸವೆಸುವುದು ಬೇರೆ ಮಾತು. ಶಿಷ್ಯರಿಗೆ ಊಟಕ್ಕೂ ಬಿಡುವಿಲ್ಲದಾಗ "ಸ್ವಲ್ಪ ದಣಿವಾರಿಸಿಕೊಳ್ಳಿ" ಅಂದವನೂ ಯೇಸುವೇ (ಮಾರ್ಕ 6:31). ವಿಚಾರಣೆಯಲ್ಲಿ ಕೆನ್ನೆಗೆ ಏಟು ಬಿದ್ದಾಗ ಸುಮ್ಮನಿರದೆ, ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಎಂದು ಕೇಳಿದ (ಯೋಹಾನ 18:23). ಮರಣದ ತನಕ ವಿಧೇಯನಾದವನು ಕೇಳಿದ ಪ್ರಶ್ನೆ ಇದು.

"ಅಕ್ಕನಿಗೆ ಒಂದು ಸಲ ಆಗಲ್ಲ ಅಂದಿದ್ರೆ?" ಅಂತ ಕೇಳಿದೆ.

ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಸೊಕ್ಕು ಬಂದಿದೆ ಅಂತಾರೆ. ಆ ಸಭೇಲಿ ನಾನು ಒಳ್ಳೇವಳು ಅಂತ ಹೆಸರು ಮೇಡಂ. ನನಗೆ ಇರೋದೇ ಅದೊಂದು."

ದೊರೆಯಂತೆ ಕೂತಿದ್ದು ಯಾವುದೆಂದು ನಾನು ಹೇಳಬೇಕಾಗಲಿಲ್ಲ. ಪೊರಕೆಯನ್ನೂ ಬಳೆಯನ್ನೂ ಕೇಳಿದ್ದು ಆ ಹೆಸರೇ. ಅದಕ್ಕೆ "ಇಲ್ಲ" ಅನ್ನುವುದು ಅವರ ಪಾಲಿನ ಶಿಲುಬೆ. ಹಾಲ್ ಒರೆಸುವುದು ಅದರ ಮುಂದೆ ಸಲೀಸು.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ಫೋನಿನಲ್ಲಿ ಥಟ್ಟನೆ ಒಪ್ಪುವುದು ಬೇಡ, "ನಾಳೆ ಹೇಳ್ತೀನಕ್ಕಾ" ಅನ್ನಿ. ರಾತ್ರಿ ಪ್ರಾರ್ಥನೆಯಲ್ಲಿ 'ಇದನ್ನು ಕೇಳುತ್ತಿರುವುದು ಯಾರು, ದೇವರೋ ನನ್ನ ಹೆಸರೋ' ಅಂತ ಮಾತ್ರ ಕೇಳಿಕೊಳ್ಳಿ. ಬಂದ ಉತ್ತರ 'ದೇವರು' ಅನ್ನುವುದಾದರೆ ಗೊಣಗದೆ ಮಾಡಿ. ಮಾಡುವುದನ್ನೆಲ್ಲ ಬಿಡಿ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಬಳೆಯ ವಿಷಯ ಗಂಡನಿಗೆ ನೀವೇ ಹೇಳಬೇಕು, ಗಿರವಿ ಅಂಗಡಿಯ ಚೀಟಿ ಕೈಯಲ್ಲಿ ಹಿಡಿದು. ಇನ್ನೊಂದು ಒಡವೆ ಮನೆಯಿಂದ ಆಚೆ ಹೋಗಬಾರದು. ಒತ್ತಾಯ ಮುಂದುವರಿದರೆ ಸಭಾಪಾಲಕರ ಮುಂದೆ ವಿಷಯ ಇಡಿ. ರಾತ್ರಿ ಮನಸ್ಸಿಗೆ ಕಳವಳವಾಗಿ ಮಾತಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕನೇ ಭೇಟಿಗೆ ಬಂದಾಗ ಎರಡು ಶನಿವಾರ ಹೋಗಿರಲಿಲ್ಲ. ನಿದ್ದೆ ಪರವಾಗಿಲ್ಲ. ಗಂಡ ಮೂರು ದಿನ ಮಾತು ಬಿಟ್ಟು, ಆಮೇಲೆ ಬಡ್ಡಿ ಲೆಕ್ಕ ಹಾಕಲು ಕೂತರಂತೆ. ಬಳೆ ಇನ್ನೂ ಗಿರವಿಯಲ್ಲೇ ಇದೆ. ಆದರೆ ಅವತ್ತು ಅತ್ತಿದ್ದು ಅದಕ್ಕಲ್ಲ.

"ಹಾಲ್ ಬೇರೆ ಯಾರೋ ಒರೆಸಿದ್ರು ಮೇಡಂ. ನಾನ್ಯಾಕೆ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ."