ವಿದೇಶಿ ಸಹಭಾಗಿತ್ವ: ನಮ್ಮ ಪಾಲಿನ ಹಣ ಯಾರದು?

ಪ್ರಶ್ನೆ: ಅಡಿಕೆ ಬೆಳೆಗಾರರು ಮೊಬೈಲ್ ಪಾವತಿಯನ್ನು ಎಷ್ಟು ನಂಬುತ್ತಾರೆ, ಅವರ ಖಾಸಗಿ ಮಾಹಿತಿ ಎಷ್ಟು ಸುರಕ್ಷಿತ ಎಂಬುದನ್ನು ಯುರೋಪಿನ ವಿಶ್ವವಿದ್ಯಾಲಯವೊಂದರೊಡನೆ ಅಧ್ಯಯನ ಮಾಡಬೇಕೆಂದಿದ್ದೇವೆ. ನಮ್ಮ ವೆಚ್ಚವನ್ನೂ ಅವರೇ ಭರಿಸುವರೇ?
— ಕಾಲೇಜು ಅಧ್ಯಾಪಕಿ, ಶಿರಸಿ

ಉತ್ತರ: ಸಾಮಾನ್ಯವಾಗಿ ಇಲ್ಲ. ಐರೋಪ್ಯ ಒಕ್ಕೂಟದ 2021–2027ರ ಹೊರೈಜನ್ ಯುರೋಪ್ ಎಂಬ ಸಂಶೋಧನಾ ಅನುದಾನ ಯೋಜನೆಯಲ್ಲಿ ಭಾರತದ ಸಂಸ್ಥೆಗಳು ಪಾಲುದಾರರಾಗಬಹುದಾದರೂ, ಅರ್ಜಿ ಆಹ್ವಾನದಲ್ಲಿ ವಿಶೇಷವಾಗಿ ಹೇಳಿರದಿದ್ದರೆ ತಮ್ಮ ವೆಚ್ಚವನ್ನು ಬಹುಮಟ್ಟಿಗೆ ತಾವೇ ಹೊಂದಿಸಿಕೊಳ್ಳಬೇಕಾಗುತ್ತದೆ. ಎರಡು ಸರ್ಕಾರಗಳು ಜಂಟಿಯಾಗಿ ಅರ್ಜಿ ಕರೆದಾಗ ಸಾಮಾನ್ಯವಾಗಿ ಆಯಾ ದೇಶವೇ ತನ್ನ ಸಂಶೋಧಕರಿಗೆ ಹಣ ಕೊಡುವುದರಿಂದ, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಪ್ರಕಟಣೆಗಳನ್ನು ಗಮನಿಸುತ್ತಿರುವುದು ಲೇಸು.

ಹಣಕ್ಕಿಂತ ಮಾಹಿತಿಯ ರವಾನೆಯೇ ನನಗೆ ತೊಡಕಾಗಿ ಕಾಣುತ್ತದೆ. ಬೆಳೆಗಾರರ ಹೆಸರು, ಖಾತೆ ಸಂಖ್ಯೆಗಳು ಶಿರಸಿಯಲ್ಲೇ ಉಳಿದು, ಗುರುತು ಅಳಿಸಿದ ದತ್ತಾಂಶ ಮಾತ್ರ ಹೊರಹೋಗಬೇಕೆಂದು ಒಪ್ಪಂದದಲ್ಲೇ ಬರೆಸಿ. ಒಪ್ಪಿಗೆಯ ಕೋರಿಕೆ ಕನ್ನಡದಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಕೋರಿಕೆಯನ್ನು ಕನ್ನಡದಲ್ಲಿ ಓದುವ ಆಯ್ಕೆ ಇರಬೇಕೆಂದು ಬಯಸುತ್ತದೆ.