ಹೊಸ ಊರು, ಮೊದಲ ಸೆಮಿಸ್ಟರ್: ಕೂಡ್ಲಿಗಿಯ ತಂಗಿಗೆ ಸಂಪಾದಕರ ಉತ್ತರ

ಕೂಡ್ಲಿಗಿಯಿಂದ ದಾವಣಗೆರೆಗೆ ಎಂ.ಎ. ಅರ್ಥಶಾಸ್ತ್ರ ಓದೋಕೆ ಬಂದಿರೋ ಹುಡುಗಿಯೊಬ್ಳು ಮೂರು ಪುಟ ಬರ್ದಿದಾಳೆ, ಹೆಸ್ರು ಹಾಕ್ಬೇಡಿ ಅಂದಿದಾಳೆ. ಹಾಸ್ಟೆಲ್ ಸೀಟ್ ಸಿಕ್ಕಿಲ್ಲ, ವಿದ್ಯಾನಗರದಲ್ಲಿ ಇಬ್ರು ಸೇರಿ ರೂಮ್ ಮಾಡಿದಾರೆ, ಸ್ಕಾಲರ್‌ಶಿಪ್ ಬಂದಿಲ್ಲ, ಮೈಗ್ರೇಷನ್ ಸರ್ಟಿಫಿಕೇಟ್ ತಗೊಂಡ್ಬಾ ಅಂತ ಆಫೀಸಲ್ಲಿ ದಿನಾ ಕೇಳ್ತಾರೆ, ಇನ್ನ ಕ್ಲಾಸಲ್ಲಿ ಬರೀ ಇಂಗ್ಲಿಷ್. "ಡಿಗ್ರೀಲಿ ಫಸ್ಟ್ ಕ್ಲಾಸ್ ಬಂದವ್ಳು ಇಲ್ಲಿ ದಡ್ಡಿ ಆಗೋಗಿದೀನಿ ಸಾರ್, ವಾಪಸ್ ಹೋಗ್ಬಿಡ್ಲಾ?" ಅಂತ ಕೇಳಿದಾಳೆ.

ಬೇಡ ತಂಗಿ, ಹೋಗ್ಬೇಡ. ನಿನ್ನ ಪತ್ರ ಎರಡ್ಸಲ ಓದ್ದೆ, ಓದಿ ಸಂಕಟ ಆಯ್ತು.

ಮೊದ್ಲು ದುಡ್ಡಿನ ವಿಷ್ಯ. ಎಸ್‌ಎಸ್‌ಪಿ, ಅಂದ್ರೆ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ಲಲ್ಲಿ ಅರ್ಜಿ ಮಂಜೂರಾಗಿದೆ ಅಂತ ತೋರಿಸ್ತಿದೆ ಆದ್ರೆ ಹಣ ಬಂದಿಲ್ಲ ಅಂದ್ರೆ ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಆಗಿದ್ಯಾ" ಅಂತ ಮಾತ್ರ ಕೇಳ್ಬೇಡ, "ಎನ್‌ಪಿಸಿಐ ಮ್ಯಾಪಿಂಗ್ ಆಗಿದ್ಯಾ" ಅಂತ ಕೇಳು, ಎರಡೂ ಬೇರೆ ಬೇರೆ, ಸರ್ಕಾರದ ಹಣ ಹೋಗೋದು ನಿನ್ನ ಆಧಾರ್‌ಗೆ ಕೊನೇದಾಗಿ ಮ್ಯಾಪ್ ಆದ ಖಾತೆಗೆ, ಅದು ನೀನು ಹೈಸ್ಕೂಲಲ್ಲಿದ್ದಾಗ ಊರಲ್ಲಿ ತೆಗ್ಸಿ ಮರ್ತುಬಿಟ್ಟ ಖಾತೆ ಇರ್ಬೋದು. ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಹಿಂದೆ, ಆಧಾರಲ್ಲಿ ಮುಂದೆ ಇದ್ಯಾ ಅಂತಾನೂ ನೋಡ್ಕೋ, ಅರ್ಜಿ ಸಿಕ್ಕಾಕೊಳ್ಳೋದು ಬಹಳ ಸಲ ಇಷ್ಟಕ್ಕೇನೇ. ಹಾಸ್ಟೆಲ್ ಸಿಗದವ್ರಿಗೆ ವಿದ್ಯಾಸಿರಿ ಅಂತ ಊಟ-ವಸತಿ ಸಹಾಯಧನ ಇದೆ, ಶುರುವಾದಾಗ ತಿಂಗ್ಳಿಗೆ 1500 ರೂಪಾಯಂತೆ ಹತ್ತು ತಿಂಗ್ಳು ಕೊಡ್ತಿದ್ರು, ಅದಕ್ಕೆ ಹಾಕಿದೀಯೋ ಇಲ್ವೋ ನೀನು ಬರ್ದಿಲ್ಲ.

ಮೈಗ್ರೇಷನ್ ಕೊಡೋದು ನೀನು ಡಿಗ್ರಿ ಮಾಡಿದ ವಿವಿ, ಅರ್ಜಿ ಹಾಕಿ ಫೀ ಕಟ್ಟಿದ ರಸೀದಿ ತೋರ್ಸಿ ಸ್ವಲ್ಪ ಟೈಮ್ ಕೇಳು. ಒರಿಜಿನಲ್ ಕೊಡೋಕೆ ಮುಂಚೆ ನಾಕು ಜೆರಾಕ್ಸ್ ಮಾಡ್ಸಿಟ್ಕೋ. ಬಸ್ಸಿಗೆ ದಿನಾ ದುಡ್ಡು ಹೋಗ್ತಿದೆ ಅಂದಿದೀಯ, ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆಯಲ್ಲ, ಆದ್ರೆ ಖಾಸಗಿ ಸಿಟಿ ಬಸ್ಸಲ್ಲಿ ಅದು ನಡೆಯಲ್ಲ, ಸರ್ಕಾರಿ ಬಸ್ಸಿನ ಟೈಮ್ ನೋಡ್ಕೊಂಡು ಹತ್ತು ನಿಮಿಷ ಮುಂಚೆ ಹೊರಡು.

ಈಗ ದಡ್ಡಿ ಅಂದ್ಯಲ್ಲ, ಅದಕ್ಕೆ ಬರ್ತೀನಿ. ಮೇಷ್ಟ್ರು "ಎಲಾಸ್ಟಿಸಿಟಿ ಆಫ್ ಡಿಮ್ಯಾಂಡ್" ಅಂದಾಗ ತಲೆ ಖಾಲಿ ಆಯ್ತು, ರೂಮಿಗೆ ಬಂದು ನೋಡಿದ್ರೆ ಅದು ಬೇಡಿಕೆಯ ಸ್ಥಿತಿಸ್ಥಾಪಕತ್ವ, ಡಿಗ್ರೀಲಿ ಹತ್ತು ಮಾರ್ಕ್ಸಿಗೆ ಬರ್ದಿದ್ದೆ ಅಂತ ನೀನೇ ಬರ್ದಿದೀಯ. ಅಂದ್ರೆ ವಿಷ್ಯ ನಿನಗೆ ಗೊತ್ತು, ಅದರ ಇನ್ನೊಂದು ಹೆಸ್ರು ಗೊತ್ತಿರ್ಲಿಲ್ಲ ಅಷ್ಟೇ. ರೇಟ್ ಏರಿಳಿದ್ರೆ ಜನ ಕೊಳ್ಳೋದು ಎಷ್ಟು ಬದಲಾಗುತ್ತೆ ಅನ್ನೋದೇ ತಾನೆ ಅದು? ಉಪ್ಪಿನ ರೇಟ್ ಏರಿದ್ರೂ ನಿಮ್ಮವ್ವ ಅಷ್ಟೇ ಉಪ್ಪು ತರ್ತಾಳೆ, ಬೆಣ್ಣೆದೋಸೆ ರೇಟ್ ಏರಿದ್ರೆ ನೀವು ರೂಮ್‌ಮೇಟ್ಸ್ ಮಂಡಕ್ಕಿ-ಮೆಣಸಿನಕಾಯಿ ತಿಂದು ಬರ್ತೀರ, ಇದನ್ನ ಯಾವ ಭಾಷೇಲಿ ಹೇಳಿದ್ರೂ ಅರ್ಥಶಾಸ್ತ್ರನೇ. ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡು ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ ಬರೀತಾ ಹೋಗು. ಸೀಮಾಂತ ತುಷ್ಟಿಗುಣ ಅಂತ ಬರ್ದು ಎದುರಿಗೆ ಮಾರ್ಜಿನಲ್ ಯುಟಿಲಿಟಿ, ಹಿಂಗೆ.

ನಾನೂ ಕನ್ನಡ ಮೀಡಿಯಂನಿಂದ ಪಿಜಿಗೆ ಬಂದವ್ನು. ಮೊದಲ ಸೆಮಿನಾರಿಗೆ ಲೈಬ್ರರಿ ಪುಸ್ತಕದಿಂದ ನಾಕು ಹಾಳೆ ಇಂಗ್ಲಿಷ್ ಕಾಪಿ ಮಾಡ್ಕೊಂಡು ಹೋಗಿ ತಲೆ ಎತ್ತದೇ ಓದಿ ಕೂತೆ, ಕೈಯಲ್ಲಿದ್ದ ಹಾಳೆ ಬೆವರಿಗೆ ಒದ್ದೆ ಆಗಿತ್ತು, ಒಂದು ಪ್ರಶ್ನೆಗೂ ಉತ್ತರ ಕೊಡಕ್ಕಾಗ್ಲಿಲ್ಲ. ಅವತ್ತು ಸಂಜೆ ಸೀನಿಯರ್ ಒಬ್ರು ಹೇಳಿದ್ರು, ಒಂದು ಪುಟ ಓದು, ಪುಸ್ತಕ ಮುಚ್ಚು, ರೂಮಲ್ಲಿರೋನಿಗೆ ಕನ್ನಡದಲ್ಲಿ ಹೇಳು, ಎಲ್ಲಿ ತೊದಲ್ತೀಯೋ ಅಲ್ಲಿ ಅರ್ಥ ಆಗಿಲ್ಲ ಅಂತ. ಎರಡು ವರ್ಷ ಹಂಗೇ ಓದ್ದೆ. ನಿನ್ನ ರೂಮ್‌ಮೇಟ್ ಬೇರೆ ಸಬ್ಜೆಕ್ಟ್ ಆದ್ರೆ ಇನ್ನೂ ಒಳ್ಳೇದು, ಸುಮ್ನೆ ತಲೆ ಆಡ್ಸಲ್ಲ, ಕೇಳ್ತಾಳೆ. ಪರೀಕ್ಷೆ ಕನ್ನಡದಲ್ಲಿ ಬರೀಬೋದಾ ಅಂತ ವಿಭಾಗದಲ್ಲಿ ನೇರವಾಗೇ ಕೇಳು, ಕೇಳೋಕೆ ನಾಚ್ಕೋಬೇಡ.

ಮುಂದಿನ ತಿಂಗ್ಳು ನಿನ್ನ ಮೊದಲ ಸೆಮಿನಾರ್ ಅಂದಿದೀಯ, ಟಾಪಿಕ್ ಯಾವ್ದು ಅಂತ ಬರೀಲಿಲ್ಲ. ಬರ್ದು ಕಳ್ಸು, ನನ್ನ ಹತ್ರ ಇರೋ ಕನ್ನಡ ಪುಸ್ತಕಗಳಲ್ಲಿ ಹುಡುಕಿ ಆ ಪುಟಗಳ ಜೆರಾಕ್ಸ್ ಪೋಸ್ಟ್ ಮಾಡ್ತೀನಿ.